ದನಿ ತೆಗೆದ ಮೇಲೆ ಓಡಿದ ಚಿತ್ರ

ಅರ್ಧ ಗಂಟೆಯ ಕೆಲಸ ಎಂದು ಹೇಳಿ ಮಂಗಳವಾರ ಬೆಳಿಗ್ಗೆ ಅಂಗಡಿಯಿಂದ ಹೊರಟವಳು ನಾನು. ಆ ಕೆಲಸ ಮುಗಿದದ್ದು ಶನಿವಾರ ಸಂಜೆ. ನಡುವಿನ ದಿನಗಳಲ್ಲಿ ಎರಡು ಸಲ ಗೆದ್ದೆನೆಂದು ಬೀಗಿ, ಎರಡು ಸಲವೂ ಮುಖ ಸಣ್ಣದು ಮಾಡಿಕೊಂಡೆ. ಆದರೂ ಆ ವಾರವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪುಣೆಯ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಬರತೊಡಗಿತ್ತು. ಅದಕ್ಕೆ ಮುಂಚೆ ಇಂಟರ್ನೆಟ್ ಎಂದರೆ ಫೋನು ಕೀರಲು ದನಿಯಲ್ಲಿ ಕಿರುಚಿ, ಒಂದು ಫೋಟೊ ತೆರೆಯುವಷ್ಟರಲ್ಲಿ ಚಹಾ ಕುಡಿದು ಮುಗಿಯುತ್ತಿದ್ದ ಕಾಲ. ಹೊಸ ಲೈನಿನಲ್ಲಿ ವಿಡಿಯೊ ನೋಡಬಹುದು ಎಂದು ಎಲ್ಲರೂ ಹೇಳುತ್ತಿದ್ದರು. ನೋಡಲು ಹೋದವರೆಲ್ಲ ನಮ್ಮ ರಿಪೇರಿ ಅಂಗಡಿಗೆ ಫೋನ್ ಮಾಡುತ್ತಿದ್ದರು. ನಮ್ಮ ಮಾಲೀಕರು ವಿಜಾಪುರ ಕಡೆಯವರು, ನಾನು ಧಾರವಾಡದವಳು. ಕನ್ನಡದವರ ಮನೆಯಿಂದ ಕರೆ ಬಂದರೆ ಅದು ನನ್ನ ಪಾಲಿಗೇ ಬರುತ್ತಿತ್ತು.

“ನಮ್ಮ ಕಡೀ ಮಂದಿ ಅದಾರ. ವಿಡಿಯೊ ನಿಂತ ನಿಂತ ಬರ್ತದಂತ. ಹೋಗಿ ನೋಡಿ ಬಾ,” ಎಂದರು ಮಾಲೀಕರು.

“ಅರ್ಧಾ ತಾಸಿನ ಕೆಲಸಾರಿ,” ಎಂದೆ.

ಸದಾಶಿವ ಪೇಠದ ಒಂದು ಹಳೆಯ ವಾಡೆಯ ಎರಡನೇ ಮಹಡಿ. ಮರದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರೆ ಆ ಮನೆಯ ತಾಯಿ ತೆರೆದರು. ನನ್ನನ್ನು ನೋಡಿ, ನನ್ನ ಹೆಗಲಿನಾಚೆ ಮೆಟ್ಟಿಲ ಕಡೆ ಕಣ್ಣು ಹಾಯಿಸಿದರು.

“ಇಂಜಿನಿಯರ್ ಸಾಹೇಬ್ರು ಹಿಂದ ಬರ್ಲಿಕ್ಕತ್ತಾರೇನ್ರಿ?”

“ಹಿಂದ ಯಾರೂ ಇಲ್ರಿ ಕಾಕು. ನಾನs ಬಂದೀನಿ.”

“ಅಯ್ಯ, ಹೌದೇನು! ಬರ್ರಿ ಬರ್ರಿ,” ಎಂದು ದಾರಿ ಬಿಟ್ಟರು. ಈ ಪ್ರಶ್ನೆ ನನಗೆ ರೂಢಿಯಾಗಿತ್ತು. ಸಿಟ್ಟು ಬರುತ್ತಿತ್ತು, ಆದರೆ ಆ ಸಿಟ್ಟೇ ಸ್ಕ್ರೂಡ್ರೈವರಿಗೆ ಒಳ್ಳೆಯ ಹಿಡಿತ ಕೊಡುತ್ತಿತ್ತು.

ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರ್ ಇತ್ತು, ಆದರೆ ಕಾಣಿಸುತ್ತಿರಲಿಲ್ಲ. ಮಾನಿಟರಿಗೊಂದು ಕಸೂತಿಯ ಕವರು, ಸಿಪಿಯುಗೊಂದು, ಅಂಗೈಯಷ್ಟಗಲದ ಮೋಡೆಮ್ಮಿಗೂ ಒಂದು. ಗೋಪುರ, ತುಳಸಿಕಟ್ಟೆ, ಆನೆ ಎಲ್ಲವೂ ಇದ್ದವು. ಸಿಪಿಯು ನೆತ್ತಿಯ ಮೇಲೆ ಖಂಡೇನವಮಿಯ ಆಯುಧಪೂಜೆಯ ಕುಂಕುಮ ಇನ್ನೂ ಮಾಸಿರಲಿಲ್ಲ. ಕಾಕು ಎಲ್ಲ ಕವರುಗಳನ್ನು ತೆಗೆದು, ಮಡಿಸಿ, ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಅಷ್ಟರಲ್ಲಿ ಒಳಗಿನಿಂದ ಮಗಳು ಬಂದಳು. ಇಪ್ಪತ್ತರ ಹುಡುಗಿ, ನಕ್ಕರೆ ಎಡಗೆನ್ನೆಯಲ್ಲಿ ಆಳವಾದ ಗುಳಿ. ನಾನು ಮಾತಾಡಿಸಿದೆ. ಅವಳು ನನ್ನ ತುಟಿಗಳನ್ನೇ ನೋಡಿದಳು. “ಆಕಿಗೆ ಹುಟ್ಟಿದಾಗಿನಿಂದ ಕಿವಿ ಕೇಳ್ಸೂದಿಲ್ರಿ,” ಎಂದರು ಕಾಕು. “ಇಲ್ಲೇ ಕಿವುಡ ಮಕ್ಕಳ ಶಾಳಾದಾಗ ಕಲ್ತಾಳ. ಮರಾಠಿ ಛಲೋ ಬರೀತಾಳ.” ಹುಡುಗಿ ಆಗಲೇ ಒಂದು ನೋಟುಬುಕ್ಕು ತೆರೆದು ಮರಾಠಿಯಲ್ಲಿ ಬರೆದು ನನ್ನ ಮುಂದೆ ಹಿಡಿದಿದ್ದಳು: ‘ನಾಳೆ ನಾಲ್ಕರೊಳಗೆ ಆಗುತ್ತದೆಯೆ?’

ನಾಳೆಯೇ ಯಾಕೆ ಎನ್ನುವುದನ್ನು ತಾಯಿ ಮಗಳು ಇಬ್ಬರೂ ಸೇರಿ ಹೇಳಿದರು. ಮುಂಬೈಯ ಒಂದು ಸಂಸ್ಥೆ ಕಿವುಡ ಮಕ್ಕಳಿಗೆ ಸನ್ನೆ ಭಾಷೆಯಲ್ಲಿ ಪಾಠ ಹೇಳುವವರನ್ನು ತಯಾರು ಮಾಡುತ್ತಿತ್ತು. ಹೊರ ಊರಿನವರಿಗೆ ಮೊದಲ ಎರಡು ತಿಂಗಳ ತರಗತಿ ಇಂಟರ್ನೆಟ್ಟಿನಲ್ಲಿ ನೇರವಾಗಿ, ಬುಧವಾರ ಮತ್ತು ಶನಿವಾರ ನಾಲ್ಕು ಗಂಟೆಗೆ. ಹಾಜರಿ ಸರಿಯಿದ್ದವರನ್ನು ಮಾತ್ರ ಮುಂದಿನ ತರಬೇತಿಗೆ ಮುಂಬೈಗೆ ಕರೆಯುತ್ತಾರೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಬೋಲ್ಟು ಪ್ಯಾಕ್ ಮಾಡುತ್ತಿದ್ದು, ತರಗತಿಗಾಗಿ ರಜೆ ಹಾಕಿದ್ದ ಈ ಹುಡುಗಿಗೆ ತಾನು ಕಲಿತ ಶಾಲೆಯಲ್ಲೇ ಟೀಚರ್ ಆಗಬೇಕೆಂಬ ಆಸೆ. ಎರಡು ತರಗತಿ ಆಗಿದ್ದವು. ಎರಡರಲ್ಲೂ ಅವಳು ಗೈರುಹಾಜರು.

“ಕಂಪ್ಯೂಟರ್ ಮುಂದೇ ಕೂತಿದ್ಲಲ್ರಿ! ಆದ್ರೂ ಗೈರುಹಾಜರಿ!” ಎಂದರು ಕಾಕು.

ಕಾರಣ ಇದು. ಸನ್ನೆ ಭಾಷೆಯವರು ಒಬ್ಬರಿಗೊಬ್ಬರು ಸನ್ನೆಯಲ್ಲೇ ಹೆಸರಿಡುತ್ತಾರೆ. ಮೊದಲ ದಿನ ಟೀಚರು, ತಾವೂ ಕಿವಿ ಕೇಳದವರು, ಕಳಿಸಿದ್ದ ಫೋಟೊ ನೋಡಿ ಹದಿನಾಲ್ಕು ವಿದ್ಯಾರ್ಥಿಗಳಿಗೂ ಒಂದೊಂದು ಸನ್ನೆಹೆಸರು ಇಟ್ಟರು. ತರಗತಿಯ ಆರಂಭದಲ್ಲಿ ಆ ಹೆಸರು ಹಿಡಿದು ಕರೆದು, ಒಂದು ಸಣ್ಣ ಪ್ರಶ್ನೆ ಕೇಳುತ್ತಾರೆ. ವಿದ್ಯಾರ್ಥಿ ಪಕ್ಕದ ಚೌಕದಲ್ಲಿ ಉತ್ತರ ಟೈಪು ಮಾಡಬೇಕು. ಈ ಹುಡುಗಿಗೆ ಹೆಸರಿಟ್ಟ ಗಳಿಗೆಯಲ್ಲಿ ಚಿತ್ರ ನಿಂತಿತ್ತು. ಮತ್ತೆ ಓಡುವಷ್ಟರಲ್ಲಿ ಟೀಚರು ಮುಂದಿನವರಿಗೆ ಹೋಗಿದ್ದರು. ಅಂದಾಜಿನ ಮೇಲೆ ಒಮ್ಮೆ ಉತ್ತರಿಸಿದಳು, ಅದು ಬೇರೊಬ್ಬರ ಸರದಿಯಾಗಿತ್ತು. ಸಂಸ್ಥೆಗೆ ಫೋನ್ ಮಾಡಿ ಕೇಳಿದರೆ ಗುಮಾಸ್ತನಿಗೆ ಸನ್ನೆ ಬಾರದು. ಶಿವಾಜಿನಗರದ ಸೈಬರ್ ಕೆಫೆಗೆ ಹೋದರೆ ಎಂಟು ಕಂಪ್ಯೂಟರಿಗೆ ಒಂದೇ ಲೈನು, ಚಿತ್ರ ಇನ್ನೂ ಕೆಟ್ಟದಾಗಿತ್ತು. ಒಟ್ಟಿನಲ್ಲಿ ಆ ತರಗತಿಯಲ್ಲಿ ಅವಳ ಹೆಸರೇನೆಂದು ಅವಳೊಬ್ಬಳಿಗೇ ಗೊತ್ತಿರಲಿಲ್ಲ.

ಇದನ್ನು ಕೇಳಿ ನನಗೆ ಹುರುಪು ಬಂತು. ಸಂಸ್ಥೆಯವರು ಪರೀಕ್ಷೆಗೆಂದು ಎರಡು ನಿಮಿಷದ ಒಂದು ತುಣುಕನ್ನು ಸದಾ ಓಡಿಸುತ್ತಿದ್ದರು, ಅದನ್ನು ತೆರೆದೆ. ಟೀಚರ ಕೈ ಎದೆಯ ಹತ್ತಿರ ಇದ್ದದ್ದು ಇದ್ದಕ್ಕಿದ್ದಂತೆ ಹಣೆಯ ಹತ್ತಿರ ಕಾಣಿಸುತ್ತಿತ್ತು. ನಡುವಿನ ದಾರಿಯೇ ಇಲ್ಲ. ಜೊತೆಗೆ ಒಬ್ಬರು ಹಿಂದಿಯಲ್ಲಿ ವಿವರಣೆ ಹೇಳುತ್ತಿದ್ದರು. ಅದು ಮಾತ್ರ ಸ್ವಚ್ಛವಾಗಿ, ಎಲ್ಲೂ ತಡೆಯದೆ ಕೇಳುತ್ತಿತ್ತು.

“ಆವಾಜ ಭಾಳ ಛಲೋ ಬರ್ಲಿಕ್ಕತ್ತದ ನೋಡ್ರಿ ಕಾಕು. ಲೈನ್ ಬರೋಬರಿ ಅದ. ದೋಷ ಕಂಪ್ಯೂಟರಿನಾಗ ಅದ,” ಎಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನನ್ನ ಮೂರ್ಖತನ ಶುರುವಾದದ್ದು ಇಲ್ಲಿಂದ.

ಆ ದಿನ ನಾನು ಕೆಲಸ ಮಾಡಿದ ವೇಗ ನನಗೇ ಇಷ್ಟವಾಯಿತು. ಯಾರೋ ಪುಕ್ಕಟೆ ಆಟಗಳ ಜೊತೆ ಒಳಗೆ ಬಿಟ್ಟುಕೊಂಡಿದ್ದ ಹನ್ನೊಂದು ಬೇಡದ ಪ್ರೋಗ್ರಾಮುಗಳನ್ನು ಕಿತ್ತೆ. ಸಿಪಿಯು ಬಿಚ್ಚಿ ಫ್ಯಾನಿನ ಧೂಳು ಊದಿದೆ. ನೂರಿಪ್ಪತ್ತೆಂಟು ಎಂಬಿ ಮೆಮೊರಿ ಇದ್ದಲ್ಲಿ ಇನ್ನೊಂದು ಅಷ್ಟೇ ಪಟ್ಟಿ ಜೋಡಿಸಿದೆ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದೆ. ಪ್ಲೇಯರ್ ಐದು ಸೆಕೆಂಡಿನಷ್ಟು ವಿಡಿಯೊವನ್ನು ಮುಂಚಿತವಾಗಿ ತುಂಬಿಕೊಳ್ಳುತ್ತಿತ್ತು, ಅದನ್ನು ಮೂವತ್ತಕ್ಕೆ ಏರಿಸಿದೆ. ನನ್ನ ಚೀಲದಲ್ಲಿದ್ದ ಒಂದು ಸಿಡಿ ಹಾಕಿದರೆ ಚಿತ್ರ ನೀರಿನಂತೆ ಹರಿಯಿತು. ಇಂಟರ್ನೆಟ್ಟಿನ ತುಣುಕೂ ಮೊದಲಿಗಿಂತ ಎಷ್ಟೋ ವಾಸಿ. “ಆತ್ರಿ ಕಾಕು!” ಎಂದು ಎದ್ದೆ. ಕಾಕು ಅವಲಕ್ಕಿ ಕೊಟ್ಟರು. ಕವರುಗಳು ತಮ್ಮ ತಮ್ಮ ಜಾಗಕ್ಕೆ ಹೋದವು.

ಬುಧವಾರ ನಾಲ್ಕಕ್ಕೆ ಅಂಗಡಿಯಲ್ಲಿ ಕುಳಿತಿದ್ದರೂ ನನ್ನ ಜೀವವೆಲ್ಲ ಆ ವಾಡೆಯಲ್ಲಿತ್ತು. ನಾಲ್ಕೂ ಹತ್ತಕ್ಕೆ ಫೋನು ಬಂತು.

“ಚಿತ್ರ ನಿಂತಬಿಟ್ಟದ್ರಿ,” ಎಂದರು ಕಾಕು.

“ಮೋಡೆಮ್ಮಿನ ಎರಡನೇ ದೀಪ ಏನ್ ಮಾಡ್ಲಿಕ್ಕತ್ತದ್ರಿ?”

“ಮಿಣಿ ಮಿಣಿ ಅನ್ಲಿಕ್ಕತ್ತದ.”

ಅಂದರೆ ಲೈನೇ ಬಿದ್ದಿದೆ. ನಾನು ಹೇಳಿದ್ದಕ್ಕೆ ಪೂರಾ ತದ್ವಿರುದ್ಧ. ಹೇಗೋ ಮತ್ತೆ ಹತ್ತಿಸಿದರೂ ಉಪಯೋಗವಾಗಲಿಲ್ಲ, ಯಾಕೆಂದರೆ ನಾನು ಏರಿಸಿದ್ದ ಮೂವತ್ತು ಸೆಕೆಂಡಿನಿಂದಾಗಿ ಟೀಚರು ಕೇಳಿದ ಪ್ರಶ್ನೆ ಈ ಮನೆಗೆ ಅರ್ಧ ನಿಮಿಷ ತಡವಾಗಿ ಬರುತ್ತಿತ್ತು. ಆ ದಿನದ ಹಾಜರಿ ಮುಗಿದು ಹೋಗಿತ್ತು. ಮೂರನೇ ಗೈರುಹಾಜರಿ. ಐದೂವರೆಗೆ ಸಂಸ್ಥೆಯಿಂದ ಮಿಂಚಂಚೆ ಬಂತಂತೆ: ನಾಲ್ಕನೆಯದಾದರೆ ಹೆಸರು ಪಟ್ಟಿಯಿಂದ ತೆಗೆಯುತ್ತೇವೆ. ಅಂಗಡಿಯ ಹಿಂಬದಿಗೆ ಹೋಗಿ ನನ್ನನ್ನು ನಾನೇ ಚೆನ್ನಾಗಿ ಬೈದುಕೊಂಡೆ.

ಗುರುವಾರ ಭೋಸರಿಯ ಕಾರ್ಖಾನೆಗೆ ವಾರದ ರಜೆ, ಆದ್ದರಿಂದ ಹುಡುಗಿಯ ತಂದೆ ಮನೆಯಲ್ಲಿದ್ದರು. ಟೂಲ್‌ರೂಮಿನಲ್ಲಿ ಇಪ್ಪತ್ತೈದು ವರ್ಷದಿಂದ ಫಿಟ್ಟರ್. ಮಾತು ಕಡಿಮೆ, ಬೆರಳುಗಳು ದಪ್ಪ. ನಾನು ಈ ಸಲ ಕಂಪ್ಯೂಟರ್ ಮುಟ್ಟಲಿಲ್ಲ. ಕುರ್ಚಿ ಹಾಕಿಕೊಂಡು ಮೋಡೆಮ್ಮಿನ ದೀಪಗಳನ್ನೇ ನೋಡುತ್ತ ಕುಳಿತೆ. ನಿನ್ನೆ ಚಿತ್ರ ನಿಲ್ಲುವ ಮುಂಚೆ ಏನಾಯಿತು ಎಂದು ಕೇಳಿದೆ.

“ಏನೂ ಆಗ್ಲಿಲ್ರಿ,” ಎಂದರು ಕಾಕು. “ಹುಬ್ಬಳ್ಳಿಯಿಂದ ನಮ್ಮ ವೈನಿ ಫೋನ್ ಬಂದಿತ್ತು, ಅಷ್ಟs.”

ಜೇಬಿನಿಂದ ಮೊಬೈಲು ತೆಗೆದು ಆ ಮನೆಯ ನಂಬರಿಗೆ ಕರೆ ಮಾಡಿದೆ. ಗಂಟೆ ಹೊಡೆಯಿತು. ಅದೇ ಕ್ಷಣ ಬಾಗಿಲ ಪಟ್ಟಿಯ ಮೇಲೆ ಒಂದು ಕೆಂಪು ಬಲ್ಬು ಹತ್ತಿ ಆರಿ ಹತ್ತಿ ಆರಿತು. ಹುಡುಗಿ ಅಡುಗೆಮನೆಯಿಂದ ಓಡಿ ಬಂದು ರಿಸೀವರ್ ಎತ್ತಿ ತಾಯಿಯ ಕೈಗೆ ಕೊಟ್ಟಳು. ಮೋಡೆಮ್ಮಿನ ಎರಡನೇ ದೀಪ ಸತ್ತಿತ್ತು.

“ಸಿಕ್ಕಿತು!” ಎಂದು ನಾನು ಕೂಗಿದ್ದು ಕೆಳಗಿನ ಅಂಗಳಕ್ಕೂ ಕೇಳಿಸಿರಬೇಕು. “ಆ ಬಲ್ಬು ಏನ್ರಿ ಕಾಕಾ?”

ಕಾಕಾ ಗೋಡೆಯ ಕ್ಯಾಲೆಂಡರ್ ಸರಿಸಿದರು. ಫೋನಿನ ತಂತಿ ಮನೆಯೊಳಗೆ ಬರುವ ಜಾಗ. ಅಲ್ಲಿ ಒಂದು ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ. ಅದರೊಳಗೆ ಒಂದು ರಿಲೇ, ಒಂದು ಕೆಪಾಸಿಟರ್, ಅಚ್ಚುಕಟ್ಟಾದ ಬೆಸುಗೆ. ಗಂಟೆ ಹೊಡೆದಾಗ ತಂತಿಯಲ್ಲಿ ಬರುವ ವಿದ್ಯುತ್ತಿನಿಂದ ರಿಲೇ ಎಳೆದು ಬಲ್ಬು ಹತ್ತುತ್ತದೆ. ಬ್ರಾಡ್‌ಬ್ಯಾಂಡ್ ಜೋಡಿಸಿದವರು ಮಾತನ್ನೂ ಡೇಟಾವನ್ನೂ ಬೇರೆ ಮಾಡುವ ಸ್ಪ್ಲಿಟರನ್ನು ಕಂಪ್ಯೂಟರಿನ ಪಕ್ಕ ಹಾಕಿದ್ದರು. ಈ ಡಬ್ಬಿ ಅದಕ್ಕಿಂತ ಮುಂಚೆಯೇ, ಕ್ಯಾಲೆಂಡರಿನ ಹಿಂದೆ, ಲೈನಿಗೆ ಜೋತುಬಿದ್ದಿತ್ತು. ಸುಮ್ಮನಿದ್ದಾಗಲೂ ಅದು ಡೇಟಾದ ಸಿಗ್ನಲ್ಲನ್ನು ಅಷ್ಟಿಷ್ಟು ನುಂಗುತ್ತಿತ್ತು. ಗಂಟೆ ಹೊಡೆದರೆ ಲೈನೇ ಬೀಳುತ್ತಿತ್ತು.

“ಇದನ್ನ ಕಿತ್ತಬಿಡೂಣ್ರಿ ಕಾಕಾ. ಎರಡs ನಿಮಿಷದ ಕೆಲಸ,” ಎಂದು ಬೆರಳುಗಳನ್ನು ಕತ್ತರಿಯಂತೆ ಆಡಿಸಿ ತೋರಿಸಿದೆ.

ಅದನ್ನು ಹುಡುಗಿ ನೋಡಿದಳು. ಬಂದು ಕ್ಯಾಲೆಂಡರಿಗೂ ನನಗೂ ನಡುವೆ ಕೈ ಕಟ್ಟಿಕೊಂಡು ನಿಂತಳು.

“ಆಕಿ ಹನ್ನೊಂದು ವರ್ಷದಾಕಿ ಇದ್ದಾಗ ಮಾಡಿದ್ದ್ರಿ ಅದು,” ಎಂದರು ಕಾಕಾ. “ಫೋನ್ ಬಂದ್ರ ನಾವೆಲ್ಲಾ ಒಮ್ಮೆಲೇ ಎದ್ದು ಓಡ್ತಿದ್ದಿವಿ. ಯಾಕ ಅಂತ ಆಕಿಗೆ ತಿಳೀತಿದ್ದಿಲ್ಲ. ಒಂದು ದಿನಾ ಸಿಟ್ಟಿಗೆದ್ದು ಫೋನ್ ಒಗದಿದ್ಲು. ಇದನ್ನ ಹಚ್ಚಿದ ಮ್ಯಾಲೆ ಎಲ್ಲಾರಕಿಂತ ಮೊದ್ಲ ಈಕಿನೇ ಓಡ್ತಾಳ.”

ನನಗೆ ನಾಚಿಕೆಯಾಯಿತು. ಸ್ಪ್ಲಿಟರನ್ನೇ ಬಿಚ್ಚಿ ತಂದು ಕ್ಯಾಲೆಂಡರಿನ ಹಿಂದೆ, ತಂತಿ ಒಳಬರುವ ಬಾಯಲ್ಲೇ ಇಡೋಣ ಎಂದೆ. ಅದರ ಒಂದು ಕವಲಿನಿಂದ ಹೊಸ ತಂತಿ ನೇರ ಮೋಡೆಮ್ಮಿಗೆ. ಇನ್ನೊಂದು ಕವಲಿಗೆ ಫೋನು, ಅದರ ಜೊತೆ ಸೋಪಿನ ಡಬ್ಬಿ. ಕಾಕಾ ಒಂದು ಸಲ ನಕ್ಷೆ ನೋಡಿದವರು ನನ್ನ ಕೈಯಿಂದ ಇಕ್ಕಳ ಇಸಿದುಕೊಂಡರು. ಅವರು ತಂತಿ ಎಳೆದ ರೀತಿ ನೋಡಿ ನಾನು ಬಾಯಿ ಮುಚ್ಚಿಕೊಂಡು ಕ್ಲಿಪ್ಪು ಕೊಡುತ್ತ ನಿಂತೆ. ಗೋಡೆಯ ಮೂಲೆಗೆ ಮೂಲೆ, ಎಲ್ಲೂ ಒಂದು ನೂಲಿನಷ್ಟು ಓರೆಯಿಲ್ಲ.

“ಮತ್ತ ಕಾಕು, ಆ ಮೋಡೆಮ್ಮಿನ ಕವರು ತಗೀರಿ. ಕೈ ಇಟ್ಟು ನೋಡ್ರಿ, ಒಲಿ ಆಗೇದ. ಅದಕ್ಕ ಸೆಕಿ ಆಗ್ತದ.”

“ಧೂಳಾ ಕೂಡ್ತದಲ್ರಿ?”

“ಧೂಳಾ ಕೂಡ್ಲಿ, ನಾ ಬಂದು ಒರಸ್ತೀನಿ.” ಕಾಕು ಮನಸ್ಸಿಲ್ಲದ ಮನಸ್ಸಿನಿಂದ ಆ ತುಳಸಿಕಟ್ಟೆಯ ಕವರನ್ನು ಫೋನಿಗೆ ಹೊದಿಸಿದರು.

ಮೋಡೆಮ್ಮಿನ ಒಳಪುಟ ತೆರೆದು ನೋಡಿದರೆ ಗದ್ದಲಕ್ಕೂ ಸಿಗ್ನಲ್ಲಿಗೂ ಇರುವ ಅಂತರ ಏಳು ಇದ್ದದ್ದು ಹತ್ತೊಂಬತ್ತಕ್ಕೆ ಏರಿತ್ತು! ನನ್ನ ಮೊಬೈಲಿನಿಂದ ಆರು ಸಲ ಕರೆ ಮಾಡಿದೆ. ಆರು ಸಲವೂ ಬಲ್ಬು ಹತ್ತಿತು, ಮೋಡೆಮ್ಮಿನ ದೀಪ ಕದಲಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಕಾಕಾ ಮೀಸೆಯಲ್ಲೇ ನಕ್ಕರು. ತುಣುಕು ಹಾಕಿದೆ. ಎಲ್ಲೂ ನಿಲ್ಲಲಿಲ್ಲ.

ಹುಡುಗಿ ಮಾತ್ರ ತಲೆಯಾಡಿಸಿದಳು. ನೋಟುಬುಕ್ಕಿನಲ್ಲಿ ಬರೆದಳು: ‘ನಿಲ್ಲುವುದಿಲ್ಲ. ಆದರೆ ಹಾರುತ್ತದೆ.’ ತುಣುಕಿನಲ್ಲಿ ಟೀಚರು ಬೆರಳಿನಿಂದ ಎಂಟು ಅಕ್ಷರ ಬಿಡಿಸಿ ತೋರಿಸುವ ಜಾಗವಿತ್ತು. ಅವಳಿಗೆ ಸಿಕ್ಕಿದ್ದು ಮೂರೇ. ಪ್ಲೇಯರಿನ ಅಂಕಿಗಳನ್ನು ತೆರೆದು ನೋಡಿದೆ. ಸೆಕೆಂಡಿಗೆ ಹದಿನೈದು ಚಿತ್ರ ಬರಬೇಕಾದಲ್ಲಿ ಆರು ಬರುತ್ತಿದ್ದವು. ಲೈನು ಗಟ್ಟಿ, ಕಂಪ್ಯೂಟರ್ ಹಗುರ, ಆದರೂ ಆರು. ಮತ್ತೆ ಮತ್ತೆ ಓಡಿಸಿದೆ. ಹಿಂದಿಯ ದನಿ ಅದೇ ಸ್ವಚ್ಛತೆಯಲ್ಲಿ ಹೇಳುತ್ತಲೇ ಇತ್ತು. ಎಲ್ಲಾದರೂ ಕೊಂಚ ತಡೆಯುತ್ತದೆಯೇ ನೋಡೋಣ ಎಂದು ಸ್ಪೀಕರಿನ ದನಿ ಪೂರಾ ಏರಿಸಿದೆ.

ಮೇಜು ಅದುರಿತು. ಹುಡುಗಿ ಅದನ್ನು ಕೈಯಲ್ಲಿ ಗುರುತಿಸಿ, ಸ್ಪೀಕರಿನ ಮೇಲೆ ಅಂಗೈ ಇಟ್ಟಳು. ಒಂದು ನಿಮಿಷ ಹಾಗೇ ಇಟ್ಟುಕೊಂಡು ಕುಳಿತಳು. ಆಮೇಲೆ ಬರೆದಳು: ‘ಇದು ಯಾರಿಗೋಸ್ಕರ ಬರುತ್ತಿದೆ?’

ಓದಿ ನಾನು ನಕ್ಕೆ. ನಗು ಅರ್ಧಕ್ಕೇ ನಿಂತಿತು.

ಯಾರಿಗೋಸ್ಕರ! ಕಿವಿ ಕೇಳದವರ ತರಗತಿಗೆ, ಕಿವಿ ಕೇಳದ ಟೀಚರು, ಕಿವಿ ಕೇಳದ ವಿದ್ಯಾರ್ಥಿಗಳು. ಲೈನು ಇಕ್ಕಟ್ಟಾದಾಗ ದನಿಯನ್ನು ಉಳಿಸಿ ಚಿತ್ರವನ್ನು ಬಿಸಾಡು ಎನ್ನುವುದು ಕಳಿಸುವವರ ಕಡೆಯೂ ಪ್ಲೇಯರಿನ ಕಡೆಯೂ ಇದ್ದ ನಿಯಮ. ಕೇಳುವವರು ಕೇಳುವವರಿಗಾಗಿ ಮಾಡಿದ ನಿಯಮ. ನಮಗೆ ಚಿತ್ರ ಸ್ವಲ್ಪ ಹಾರಿದರೆ ಏನೂ ಅಲ್ಲ, ಮಾತು ತಡೆದರೆ ರೇಗುತ್ತದೆ. ಇವಳಿಗೆ ಹಾರಿಹೋದ ಒಂದೊಂದು ಚಿತ್ರವೂ ನುಂಗಿಹೋದ ಒಂದು ಮಾತು. ಮೂರು ದಿನ ನಾನು ಅದೇ ದನಿಗೆ ಕಿವಿಗೊಟ್ಟು ಲೈನು ಚೆನ್ನಾಗಿದೆ ಎಂದು ತೀರ್ಪು ಕೊಟ್ಟಿದ್ದೆ. ಸಿಟ್ಟು, ನಾಚಿಕೆ, ಸಂತೋಷ ಮೂರೂ ಒಟ್ಟಿಗೆ ನುಗ್ಗಿ ಬಂದು, ಆ ಹುಡುಗಿಯ ಎರಡೂ ಕೈ ಹಿಡಿದು ಕುಲುಕಿದೆ. ಅವಳಿಗೆ ನಾನೇಕೆ ಹೀಗೆ ಆಡುತ್ತಿದ್ದೇನೆಂದು ತಿಳಿಯಲಿಲ್ಲ.

ಆದರೆ ದನಿಯನ್ನು ಈ ತುದಿಯಲ್ಲಿ ಮುಚ್ಚಿದರೆ ಉಪಯೋಗವಿಲ್ಲ. ಸ್ಪೀಕರ್ ಆರಿಸಿದರೂ ದನಿ ಲೈನಿನಲ್ಲಿ ಬಂದೇ ಬರುತ್ತದೆ, ಜಾಗ ತಿಂದೇ ತಿನ್ನುತ್ತದೆ. ಅದನ್ನು ಕಳಿಸುವ ಕಡೆಯೇ ತೆಗೆಯಬೇಕು, ಮುಂಬೈಯಲ್ಲಿ. ಶುಕ್ರವಾರ ಬೆಳಿಗ್ಗೆ ಮಾಲೀಕರಿಗೆ ಹೇಳಿದೆ.

“ಗಿರಾಕಿ ಮನಿ ಗ್ವಾಡಿ ತನಕ ನಮ್ಮ ಕೆಲಸವ್ವಾ,” ಎಂದರು ಅವರು. “ಗ್ವಾಡಿ ಆಚೇದು ಅವ್ರದು. ಆ ಮಂದಿ ಕೆಲಸದಾಗ ಕೈ ಹಾಕಿ, ನಾಳೆ ಏನರ ಕೆಟ್ರ ನಮ್ಮ ಹೆಸರು ಹೇಳ್ತಾರ.”

ಅವರು ಹೇಳಿದ್ದು ತಪ್ಪಲ್ಲ. ಈ ಕಸುಬಿನಲ್ಲಿ ನಾನೂ ಅದನ್ನೇ ಪಾಲಿಸಿಕೊಂಡು ಬಂದಿದ್ದೆ. ಆದರೆ ಆ ಮನೆಯೊಳಗೆ ಮಾಡಲು ಇನ್ನೇನೂ ಉಳಿದಿರಲಿಲ್ಲ. ಹಾಗೇ ಬಿಟ್ಟರೆ ಶನಿವಾರ ಅವಳ ಹೆಸರು ಹೋಗುತ್ತದೆ. “ಕೆಟ್ರ ನನ್ನ ಹೆಸರು ಹೇಳ್ರಿ,” ಎಂದೆ. ಮಾಲೀಕರು ಫೋನನ್ನು ನನ್ನ ಕಡೆ ಸರಿಸಿ, ತಾವು ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

ಆ ಕಡೆ ವಿಡಿಯೊ ಕಳಿಸುವ ಆಪರೇಟರ್ ಹಿಂದಿಯವನು, ಸೌಮ್ಯ ಮನುಷ್ಯ. ಮೊದಲು ಹೆಮ್ಮೆಯಿಂದಲೇ ಹೇಳಿದ: “ಮೇಡಂ, ದನಿಗೆ ನಾವು ಮೊದಲ ಸ್ಥಾನ ಕೊಟ್ಟಿದ್ದೇವೆ. ದನಿ ಎಂದೂ ತಡೆಯುವುದಿಲ್ಲ.”

“ನಿಮ್ಮ ತರಗತಿಯಲ್ಲಿ ಅದನ್ನು ಕೇಳುವವರು ಎಷ್ಟು ಜನ?”

ಅವನು ಮೆಲ್ಲಗೆ, “ಮೇಡಂ, ನಾನು ಇಲ್ಲಿ ಹೆಡ್‌ಫೋನ್ ಹಾಕಿಕೊಂಡೇ ಪರೀಕ್ಷೆ ಮಾಡುತ್ತೇನೆ,” ಎಂದ. ವಿವರಣೆ ಇದ್ದದ್ದು ಬಂದುಹೋಗುವ ಪೋಷಕರಿಗೆ, ದೊಡ್ಡವರಿಗೆ. ಮೊದಲಿನ ಕೊಂಡಿ, ಅಂದರೆ ತರಗತಿ ತೆರೆಯುವ ಲಿಂಕು, ಹಾಗೇ ಇರಲಿ, ಇನ್ನೊಂದು ಹಳೆಯ ಕಂಪ್ಯೂಟರಿನಿಂದ ದನಿಯೇ ಇಲ್ಲದ ಎರಡನೇ ಕೊಂಡಿ ಕೊಡುತ್ತೇನೆ ಎಂದ.

ಮಧ್ಯಾಹ್ನ ಪರೀಕ್ಷೆಗೆ ಕುಳಿತೆವು. ನಾನು ವಾಡೆಯಲ್ಲಿ ಕಿವಿಗೆ ಮೊಬೈಲು ಇಟ್ಟುಕೊಂಡು, ಅವನು ಮುಂಬೈಯಲ್ಲಿ ಟೀಚರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿಕೊಂಡು. ಆದರೆ ನಿಜವಾಗಿ ಕೆಲಸ ನಡೆಸಿದ್ದು ಹುಡುಗಿ. ಅವಳು ಬರೆಯುತ್ತಿದ್ದಳು, ನಾನು ಓದಿ ಹೇಳುತ್ತಿದ್ದೆ. ಹಿಂದಿನ ಹೂವಿನ ಪರದೆ ತೆಗೆಯಿರಿ, ಕಣ್ಣಿಗೆ ತೊಡಕು. ತೆಗೆದರು, ಹೂಗಳನ್ನು ಕಳಿಸುವ ಖರ್ಚೂ ಉಳಿಯಿತು. ಚಿತ್ರ ಚಿಕ್ಕದಿರಲಿ, ಆದರೆ ಮೊಣಕೈ ಕತ್ತರಿಸಬೇಡಿ. ಟೀಚರು ಗಾಢ ಬಣ್ಣದ ಕುಪ್ಪಸ ಹಾಕಲಿ, ಕೈ ಎದ್ದು ಕಾಣುತ್ತದೆ. ಕಳಿಸುವ ಪ್ರೋಗ್ರಾಮಿನಲ್ಲಿ ಚಿತ್ರದ ಸ್ಪಷ್ಟತೆಗೂ ಚಲನೆಗೂ ನಡುವೆ ಸರಿಸುವ ಒಂದು ಗುಂಡಿ ಇತ್ತು. ‘ಚಲನೆಯ ಕಡೆಗೆ. ಇನ್ನೂ. ಇನ್ನೂ ಸ್ವಲ್ಪ.’ ಮುಖ ಮಸುಕಾಗುತ್ತ ಬಂತು. ಕಾಕು, “ಟೀಚರ ಮೂಗs ಕಾಣ್ಸವಲ್ದಲ್ರಿ,” ಎಂದು ಪೇಚಾಡಿದರು. ಹುಡುಗಿ ತಾಯಿಗೆ ಕೈಯಲ್ಲೇ ಏನೋ ಹೇಳಿದಳು. “ಮೂಗು ತಗೊಂಡು ಏನ್ ಮಾಡ್ಲಿ ಅಂತಾಳ್ರಿ,” ಎಂದು ಕಾಕು ನಕ್ಕುಬಿಟ್ಟರು.

ಸೆಕೆಂಡಿಗೆ ಹದಿನಾಲ್ಕು. ಹದಿನೇಳು. ಹತ್ತೊಂಬತ್ತು! ನಾನು ಅಂಕಿಗಳನ್ನು ಕೂಗಿ ಕೂಗಿ ಹೇಳುತ್ತಿದ್ದೆ, ಕ್ರಿಕೆಟ್ ಸ್ಕೋರ್ ಕೇಳಿದಂತೆ ಕಾಕು ಕುರ್ಚಿಯ ತುದಿಗೆ ಬಂದಿದ್ದರು. ಪ್ಲೇಯರಿನ ಮೂವತ್ತು ಸೆಕೆಂಡನ್ನು ಮತ್ತೆ ಐದಕ್ಕೆ ಇಳಿಸಿದೆ. ಟೀಚರು ಎಂಟು ಅಕ್ಷರ ಬಿಡಿಸಿದರು. ಹುಡುಗಿ ಎಂಟೂ ಬರೆದಳು. ಹೆಸರನ್ನು ಈಗಲೇ ಕೇಳೋಣ ಎಂದು ನಾನು ಹೇಳುವಷ್ಟರಲ್ಲಿ ಟೀಚರಿಗೆ ಬೇರೆ ತರಗತಿಯ ಹೊತ್ತಾಗಿ ಹೊರಟುಬಿಟ್ಟರು.

ಶನಿವಾರ ನಾಲ್ಕು ಗಂಟೆ. ಕಾಕಾ ಅರ್ಧ ದಿನದ ರಜೆ ಹಾಕಿ ಬಂದಿದ್ದರು. ಎರಡನೇ ಕೊಂಡಿ ತೆರೆಯಿತು. ಮೌನ. ನೀಲಿ ಗೋಡೆ, ಗಾಢ ಕುಪ್ಪಸ, ಎರಡು ಕೈ. ಹಾಜರಿ ಶುರುವಾಯಿತು. ಮೊದಲ ಹೆಸರು ಬಂತು, ಪ್ರಶ್ನೆ ಬಂತು, ಟೀಚರು ಉತ್ತರಕ್ಕೆ ಕಾದರು. ಎರಡನೆಯದು, ಮೂರನೆಯದು. ಹುಡುಗಿ ಗೊತ್ತಿದ್ದ ಹೆಸರುಗಳಿಗೆ ಕಾಗದದ ಮೇಲೆ ಗೀಟು ಹಾಕುತ್ತಿದ್ದಳು.

ಐದನೇ ಹೆಸರಿನಲ್ಲಿ ಚಿತ್ರ ಮಾಯವಾಗಿ ಪರದೆ ಕಪ್ಪಾಯಿತು. ನಾನು ಗುಂಡಿ ಒತ್ತಿ ಮತ್ತೆ ಜೋಡಿಸಿದೆ. ಚಿತ್ರ ಬಂತು, ಅದರ ಜೊತೆ ಸ್ಪೀಕರಿನಿಂದ ಸ್ವಚ್ಛವಾದ ಹಿಂದಿ! ಟೀಚರ ಕೈ ಎದೆಯಿಂದ ಹಣೆಗೆ ಹಾರಿತು. ನಾವು ಮೂವರೂ ಬೆಚ್ಚಿದೆವು. ಏನಾಯಿತೆಂದು ಅವಳೊಬ್ಬಳಿಗೆ ಗೊತ್ತಾಗಲಿಲ್ಲ, ಹಾರುವ ಕೈಯನ್ನೇ ನೋಡುತ್ತಿದ್ದಳು.

ಬಾಲ್ಕನಿಗೆ ಓಡಿ ಮೊಬೈಲಿನಿಂದ ಕರೆ ಮಾಡಿದೆ. “ದನಿ ಬರುತ್ತಿದೆ! ದನಿ ಯಾಕೆ ಬರುತ್ತಿದೆ?” ಎಂದು ಅರಚಿದೆ. ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾದವನೊಬ್ಬ ತಲೆಯೆತ್ತಿ ನೋಡಿದ. ಆಪರೇಟರ್ ಗಾಬರಿಯಿಂದ ಹೇಳಿದ್ದು ಇಷ್ಟು: ಅವನ ಮೇಲಿನವರು ಬಂದು, ಹಳೆಯ ಕಂಪ್ಯೂಟರಿನಲ್ಲಿ ದನಿ ಅಳೆಯುವ ಮುಳ್ಳು ಆಡದಿರುವುದನ್ನು ನೋಡಿ, ಕೆಟ್ಟಿದೆ ಎಂದು ತಿಳಿದು, ತಾವೇ ಮೈಕಿನ ತಂತಿ ಸಿಕ್ಕಿಸಿ ಹೊಸದಾಗಿ ಶುರು ಮಾಡಿದ್ದರು. ಉಪಕಾರ ಮಾಡಿದೆನೆಂದು ಹೊರಗೆ ಹೋಗಿದ್ದರು. “ಕೀಳಿರಿ! ಈಗಲೇ ಕೀಳಿರಿ!” ಎಂದೆ.

ಮತ್ತೆ ಕಪ್ಪು. ಮತ್ತೆ ಜೋಡಣೆ. ಮೌನ, ಮತ್ತು ಹರಿಯುವ ಕೈಗಳು. ಆದರೆ ಐದು ಹೆಸರು ಆಗಿಹೋಗಿದ್ದವು. ಅವುಗಳಲ್ಲಿ ಅವಳದಿತ್ತೆ? ಯಾರಿಗೂ ಗೊತ್ತಿಲ್ಲ. ಹತ್ತನೆಯದು ಬಂತು, ಹನ್ನೊಂದನೆಯದು ಬಂತು. ಎರಡಕ್ಕೂ ಗೀಟು ಬಿತ್ತು, ಎರಡೂ ಬೇರೆಯವರದು.

ಆಗ ಬಾಗಿಲ ಮೇಲೆ ಕೆಂಪು ಬಲ್ಬು ಹತ್ತಿತು.

ಕಾಕಾ, ಕಾಕು, ನಾನು ಮೂವರೂ ಮೋಡೆಮ್ಮಿನ ಕಡೆ ನೋಡಿದೆವು. ಎರಡನೇ ದೀಪ ಅಲುಗಲಿಲ್ಲ. ಬಲ್ಬು ಹತ್ತಿ ಆರಿ ಹತ್ತಿ ಆರುತ್ತಿತ್ತು, ಹುಡುಗಿ ತಲೆಯೆತ್ತಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಇರಬೇಕು. ಕಾಕಾ ಹೋಗಿ ತುಳಸಿಕಟ್ಟೆ ಸರಿಸಿ ರಿಸೀವರ್ ಎತ್ತಿದರು. ಆ ಕಡೆ ಸಂಸ್ಥೆಯ ಅದೇ ಮೇಲಿನವರು. ಎರಡನೇ ಕೊಂಡಿಯಲ್ಲಿ ದನಿಯೇ ಇಲ್ಲವಲ್ಲ, ನಿಮಗೆ ಬರುತ್ತಿದೆಯೇ ಎಂದು ಕೇಳಿದರಂತೆ. ಕಾಕಾ ಹಿಂದಿಯಲ್ಲಿ ಶುರು ಮಾಡಿ, ಉದ್ವೇಗದಲ್ಲಿ ಕನ್ನಡದಲ್ಲಿ ಮುಗಿಸಿದರು:

“ನಮಗ ಏನ್ ಬೇಕಾಗೇದ, ಅದು ಬರ್ಲಿಕ್ಕತ್ತದ್ರಿ ಸಾಹೇಬ್ರ. ನೀವು ದಯಮಾಡಿ ಏನೂ ಮುಟ್ಟಬ್ಯಾಡ್ರಿ.”

ಹನ್ನೆರಡು. ಹದಿಮೂರು. ಹದಿನಾಲ್ಕನೆಯದಕ್ಕೆ ಟೀಚರು ತೋರುಬೆರಳಿನ ತುದಿಯನ್ನು ಎಡಗೆನ್ನೆಗೆ ಒತ್ತಿ, ಒಮ್ಮೆ ಮೆಲ್ಲಗೆ ತಿರುಗಿಸಿದರು. ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತಲ್ಲ. ಕಾದರು. ಮೂರು ತರಗತಿಗಳಿಂದ ಉತ್ತರ ಬಾರದ ಹೆಸರು ಅದು ಎನ್ನುವುದು ಅವರ ಮುಖದಲ್ಲಿ, ಅಷ್ಟು ಮಸುಕಿದ್ದರೂ, ಕಾಣಿಸುತ್ತಿತ್ತು. ಮತ್ತೊಮ್ಮೆ ಬೆರಳನ್ನು ಕೆನ್ನೆಗೆ ಒತ್ತಿ ತಿರುಗಿಸಿದರು.

ಹುಡುಗಿಯ ಕೈ ತಾನಾಗಿ ತನ್ನ ಎಡಗೆನ್ನೆಗೆ ಹೋಯಿತು. ಗುಳಿ ಬೀಳುವ ಜಾಗಕ್ಕೆ. ಬೆರಳಿಟ್ಟು, ತಿರುಗಿಸಿ ನೋಡಿಕೊಂಡಳು. ಆಮೇಲೆ ನಮ್ಮ ಕಡೆ ತಿರುಗಿ ಇನ್ನೊಮ್ಮೆ ಮಾಡಿ ತೋರಿಸಿದಳು, ಗುಳಿ ಈಗ ನಿಜವಾಗಿಯೂ ಬಿದ್ದಿತ್ತು. ಕಾಕು ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ಕಣ್ಣು ತುಂಬಿ ಪರದೆಯ ಅಂಕಿಗಳು ಕಾಣಿಸಲಿಲ್ಲ.

ಟೀಚರು ಪ್ರಶ್ನೆ ಕೇಳಿದರು. ಕೈಗಳು ತಡೆಯದೆ ಹರಿದವು. “ಏನ್ ಕೇಳಿದ್ರs?” ಎಂದು ಕಾಕು ಮಗಳ ತೋಳು ಅಲುಗಿಸಿದರು. ಅವಳು ಅವಸರದಲ್ಲಿ ತಾಯಿಗೆ ಸನ್ನೆ ಮಾಡಿದಳು, ಕಾಕು ನನಗೆ ಹೇಳಿದರು: “ಇಷ್ಟು ದಿನಾ ಎಲ್ಲಿ ಹೋಗಿದ್ದಿ ಅಂತ ಕೇಳ್ಯಾರ.”

ಹುಡುಗಿ ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡು, ಒಂದೊಂದೇ ಅಕ್ಷರ ನೋಡಿ ಒತ್ತಿ, ಚೌಕದಲ್ಲಿ ಎರಡೇ ಮಾತು ಬರೆದು ಕಳಿಸಿದಳು.

‘ಇಲ್ಲೇ ಇದ್ದೆ.’